ಹಿಂದೆ ಬಿದ್ದ ಲೆಕ್ಕ: ಬಿಟ್‌ಕಾಯಿನ್ ವ್ಯಾಲೆಟ್ ಸಿಂಕ್ ಆಗದಿದ್ದಾಗ

ಕಂಪ್ಯೂಟರಿನಲ್ಲಿರುವ ಬಿಟ್‌ಕಾಯಿನ್ ವ್ಯಾಲೆಟ್ಟಿನೊಳಗೆ ಬಿಟ್‌ಕಾಯಿನ್ ಇರುವುದಿಲ್ಲ, ಬೀಗದ ಕೈ ಇರುತ್ತದೆ. ಯಾರ ಪಾಲಿಗೆ ಎಷ್ಟು ಸೇರಿದೆ ಎಂಬ ಲೆಕ್ಕ ಪ್ರಪಂಚದ ಸಾವಿರಾರು ಕಂಪ್ಯೂಟರುಗಳಲ್ಲಿ ಒಂದೇ ರೀತಿ ದಾಖಲಾಗಿರುತ್ತದೆ. ವ್ಯಾಲೆಟ್ ಆ ಲೆಕ್ಕವನ್ನು ಓದಿ, ತನ್ನ ಕೀಲಿಗೆ ಸಂಬಂಧಪಟ್ಟದ್ದನ್ನು ಕೂಡಿ ಕಳೆದು, ಉಳಿಕೆ ಇಷ್ಟು ಎಂದು ತೋರಿಸುತ್ತದೆ. ತನ್ನಲ್ಲಿರುವ ಪ್ರತಿಯನ್ನು ಹೊರಗಿನ ಲೆಕ್ಕಕ್ಕೆ ಸರಿಸಮವಾಗಿ ತಂದು ನಿಲ್ಲಿಸುವ ಕೆಲಸಕ್ಕೆ ಸಿಂಕ್ ಎನ್ನುತ್ತಾರೆ. ಸಿಂಕ್ ನಿಂತಾಗ ತೆರೆಯ ಮೇಲೆ ಹಳೆಯ ಮೊತ್ತ ಕಾಣುತ್ತದೆ, ಕೆಲವೊಮ್ಮೆ ಬರೀ ಸೊನ್ನೆ. ಆರು ತಿಂಗಳಿಂದ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸದಿದ್ದರೆ ಬ್ಯಾಂಕಿನಲ್ಲಿರುವ ಹಣ ಎಲ್ಲಿಗೂ ಹೋಗುವುದಿಲ್ಲ, ಇದೂ ಹಾಗೆಯೇ. ಸಿಂಕ್ ಕೆಟ್ಟರೆ ಹಣ ಹೋಗುವುದಿಲ್ಲ. ಅದನ್ನು ಸರಿಪಡಿಸುವ ಆತುರದಲ್ಲಿ ಏನನ್ನೋ ಅಳಿಸಿದಾಗ, ಯಾರಿಗೋ ಗುಟ್ಟು ಕೊಟ್ಟಾಗ ಹೋಗುತ್ತದೆ.

ಡೆಸ್ಕ್‌ಟಾಪ್ ವ್ಯಾಲೆಟ್ಟುಗಳಲ್ಲಿ ಎಲ್ಲಕ್ಕಿಂತ ಹಳೆಯದು ಬಿಟ್‌ಕಾಯಿನ್ ಕೋರ್. 2009ರಲ್ಲಿ ಸತೋಷಿ ನಾಕಾಮೋಟೊ ಎಂಬ ಹೆಸರಿನಲ್ಲಿ ಹೊರಬಂದ ಮೂಲ ತಂತ್ರಾಂಶದ ನೇರ ವಾರಸುದಾರ ಅದು. ಈಗಿನ ಹೆಸರು ಬಂದದ್ದು 2014ರಲ್ಲಿ. ಅದು ಯಾರ ಮಾತನ್ನೂ ನಂಬಿ ಕೂರುವುದಿಲ್ಲ. 2009ರ ಜನವರಿ 3ರ ಮೊದಲ ಬ್ಲಾಕಿನಿಂದ, ಅಂದರೆ ವ್ಯವಹಾರಗಳ ಮೊದಲ ಕಟ್ಟಿನಿಂದ, ಇಂದಿನವರೆಗಿನ ದಾಖಲೆಯನ್ನು ಪೂರ್ತಿ ತರಿಸಿಕೊಂಡು ತಾನೇ ತಾಳೆ ನೋಡುತ್ತದೆ. ಹೆಚ್ಚುಕಮ್ಮಿ 10 ನಿಮಿಷಕ್ಕೊಂದರಂತೆ ಸೇರುತ್ತ ಬಂದ ಬ್ಲಾಕುಗಳು ಈಗ 9 ಲಕ್ಷ ದಾಟಿವೆ, ಅವುಗಳ ಒಟ್ಟು ಗಾತ್ರ 600 ಜಿಬಿಯನ್ನು ಮೀರಿದೆ. ಸಿಂಕ್ ತೊಂದರೆಗಳು ಅತಿ ಹೆಚ್ಚು ಕಾಣಿಸಿಕೊಳ್ಳುವುದೂ, ಅವುಗಳ ಬೇರು ಅತಿ ಸ್ಪಷ್ಟವಾಗಿ ಸಿಗುವುದೂ ಈ ವ್ಯಾಲೆಟ್ಟಿನಲ್ಲೇ.

ಕಿರ್ದಿ, ಖತಾವಣಿ, ಬೀಗದ ಕೈ

ಕೋರ್ ತನ್ನ ಸಾಮಾನನ್ನೆಲ್ಲ ಒಂದು ಫೋಲ್ಡರಿನಲ್ಲಿ ಇಡುತ್ತದೆ. ವಿಂಡೋಸ್‌ನಲ್ಲಿ ಅದು ಆ್ಯಪ್‌ಡೇಟಾದ ಒಳಗೆ ಅಡಗಿರುತ್ತದೆ, ಲಿನಕ್ಸ್‌ನಲ್ಲಿ ಬಳಕೆದಾರರ ಹೋಮ್ ಫೋಲ್ಡರಿನಲ್ಲಿ ಚುಕ್ಕಿಯಿಂದ ಆರಂಭವಾಗುವ ಹೆಸರಿನಲ್ಲಿರುತ್ತದೆ. ಅದರೊಳಗೆ ಮುಖ್ಯವಾದವು ಮೂರು. ಬ್ಲಾಕ್ಸ್ ಎಂಬ ಫೋಲ್ಡರು ಅಂಗಡಿಯ ಕಿರ್ದಿ ಪುಸ್ತಕದಂತೆ: ನಡೆದ ವ್ಯವಹಾರಗಳೆಲ್ಲ ಒಂದರ ಹಿಂದೊಂದರಂತೆ 128 ಎಂಬಿ ಗಾತ್ರದ ಕಡತಗಳಲ್ಲಿ ಬರೆದಿಟ್ಟಿರುತ್ತವೆ. ಚೈನ್‌ಸ್ಟೇಟ್ ಎಂಬುದು ಖತಾವಣಿ: ಕಿರ್ದಿಯಿಂದ ತೆಗೆದ ಸಾರ, ಇನ್ನೂ ಖರ್ಚಾಗದೆ ಉಳಿದಿರುವ ನಾಣ್ಯಗಳ ಪಟ್ಟಿ. ಗಾತ್ರ ಹತ್ತು ಜಿಬಿಗೆ ಮೇಲೆ. ಮೂರನೆಯದು ವ್ಯಾಲೆಟ್.ಡ್ಯಾಟ್ ಎಂಬ ಕಡತ. ಉಳಿದ ಎರಡರ ಮುಂದೆ ಇದು ಎಷ್ಟೋ ಪಟ್ಟು ಚಿಕ್ಕದು, ಆದರೆ ಬೀಗದ ಕೈಗಳೆಲ್ಲ ಇರುವುದು ಇದರಲ್ಲೇ.

ಕಿರ್ದಿ ಹಾಳಾದರೆ ಜಾಲದಿಂದ ಮತ್ತೆ ತರಿಸಬಹುದು. ಖತಾವಣಿ ಹಾಳಾದರೆ ಕಿರ್ದಿ ನೋಡಿ ಮತ್ತೆ ಬರೆಯಬಹುದು. ವ್ಯಾಲೆಟ್.ಡ್ಯಾಟ್ ಹೋದರೆ, ಬ್ಯಾಕಪ್ ಇಲ್ಲದವರಿಗೆ, ಮರಳಿ ಕೊಡುವವರು ಭೂಮಿಯ ಮೇಲೆ ಯಾರೂ ಇಲ್ಲ. ಆದ್ದರಿಂದ ಯಾವ ರಿಪೇರಿಗೂ ಮುಂಚೆ ಆಗಬೇಕಾದ ಕೆಲಸ ಒಂದೇ: ವ್ಯಾಲೆಟ್ಟಿನ ಮೆನುವಿನಲ್ಲಿರುವ ಬ್ಯಾಕಪ್ ಆಯ್ಕೆಯಿಂದ ಆ ಕಡತದ ಪ್ರತಿ ತೆಗೆದು ಪೆನ್‌ಡ್ರೈವಿಗೆ ಹಾಕಿ, ಕಂಪ್ಯೂಟರಿನಿಂದ ಬೇರೆಡೆ ಇಡುವುದು. ಫೋಲ್ಡರನ್ನೇ ಇಡಿಯಾಗಿ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ ಸರಿಹೋಗುತ್ತದೆ ಎಂಬ ಸಲಹೆ ಬೇರೆ ತಂತ್ರಾಂಶಗಳಿಗೆ ಹೊಂದೀತು, ಇಲ್ಲಿ ಅದು ಕೈಯಾರೆ ತಿಜೋರಿಯ ಕೀಲಿಯನ್ನು ಬಾವಿಗೆ ಎಸೆದಂತೆ.

ನಿಂತಿದೆಯೋ, ನಿಧಾನವಾಗಿದೆಯೋ

ಸಿಂಕ್ ನಿಂತಿದೆ ಎಂದು ಕಾಣುವ ಎಷ್ಟೋ ಸಂದರ್ಭಗಳಲ್ಲಿ ಅದು ನಿಂತಿರುವುದೇ ಇಲ್ಲ. ಮೊದಲ ಬಾರಿ ಸಿಂಕ್ ಮಾಡುವಾಗ 2009ರಿಂದ 2012ರವರೆಗಿನ ಬ್ಲಾಕುಗಳು ಓಡುತ್ತವೆ, ಏಕೆಂದರೆ ಆಗ ವ್ಯವಹಾರಗಳೇ ಕಡಿಮೆ ಇದ್ದವು. 2015ರ ನಂತರದವು ತುಂಬಿದ ಬ್ಲಾಕುಗಳು, ಅಲ್ಲಿ ವೇಗ ಇಳಿಯುತ್ತದೆ. ತೀರ ಇತ್ತೀಚಿನ ಬ್ಲಾಕುಗಳಿಗೆ ಬಂದಾಗ ಇನ್ನೂ ಇಳಿಯುತ್ತದೆ. ಹಳೆಯ ಬ್ಲಾಕುಗಳಲ್ಲಿ ಡಿಜಿಟಲ್ ಸಹಿಗಳ ಪರಿಶೀಲನೆಯನ್ನು ಬಿಟ್ಟು ಮುಂದೆ ಹೋಗುವ ಅನುಕೂಲ ತಂತ್ರಾಂಶದಲ್ಲೇ ಇದೆ. ಹೊಸ ಬ್ಲಾಕುಗಳಿಗೆ ಆ ರಿಯಾಯಿತಿ ಇಲ್ಲ, ಪ್ರತಿ ಸಹಿಯನ್ನೂ ನೋಡಲೇಬೇಕು. ಬೆಟ್ಟದ ತುದಿಯ ಹತ್ತಿರ ಹೋದಂತೆ ಏರು ಕಡಿದಾಗುವ ಹಾಗೆ.

ವ್ಯಾಲೆಟ್ಟಿನ ಕೆಳಗಿನ ಪಟ್ಟಿಯಲ್ಲಿ ಎಷ್ಟು ವಾರ ಹಿಂದಿದೆ ಎಂದು ಬರೆದಿರುತ್ತದೆ. ಆ ಪಟ್ಟಿಯ ಮೇಲೆ ಕ್ಲಿಕ್ ಮಾಡಿದರೆ ಉಳಿದಿರುವ ಬ್ಲಾಕುಗಳ ಸಂಖ್ಯೆ, ಕೊನೆಯ ಬ್ಲಾಕಿನ ದಿನಾಂಕ, ಗಂಟೆಗೆ ಎಷ್ಟು ಶೇಕಡಾ ಮುಂದುವರಿಯುತ್ತಿದೆ ಎಂಬುದು ತೆರೆದುಕೊಳ್ಳುತ್ತದೆ. ಉಳಿದಿರುವ ಬ್ಲಾಕುಗಳ ಸಂಖ್ಯೆಯನ್ನು ಕಾಗದದಲ್ಲಿ ಗುರುತು ಹಾಕಿಕೊಂಡು ಒಂದು ಗಂಟೆ ಬಿಟ್ಟು ಮತ್ತೆ ನೋಡಬೇಕು. ಒಂದೆರಡಾದರೂ ಇಳಿದಿದ್ದರೆ ಅದು ಕೆಲಸ ಮಾಡುತ್ತಿದೆ ಎಂದರ್ಥ. ಇನ್ನೂ ನಿಖರವಾದ ಸಾಕ್ಷಿ ಬೇಕಿದ್ದರೆ ಅದೇ ಫೋಲ್ಡರಿನಲ್ಲಿರುವ ಡಿಬಗ್.ಲಾಗ್ ಕಡತದ ಕೊನೆಯ ಸಾಲುಗಳನ್ನು ಓದಬೇಕು. ಪ್ರತಿ ಬ್ಲಾಕ್ ಸೇರಿದಾಗಲೂ ಅದರ ಸಂಖ್ಯೆ ಮತ್ತು ಸಮಯದೊಡನೆ ಅಲ್ಲಿ ಒಂದು ಸಾಲು ಬೀಳುತ್ತದೆ. ವೈದ್ಯರಿಗೆ ನಾಡಿ ಇದ್ದಂತೆ ಈ ಕಡತ. ಅದನ್ನು ನೋಡದೆ ಔಷಧ ಕೊಡುವುದು ತಪ್ಪು.

ಪೂರ್ತಿ ಸಿಂಕ್ ಆಗಿರುವ ವ್ಯಾಲೆಟ್ಟಿಗೂ ಮುಕ್ಕಾಲು ಗಂಟೆ, ಒಂದು ಗಂಟೆ ಹೊಸ ಬ್ಲಾಕ್ ಬಾರದಿರಬಹುದು. 10 ನಿಮಿಷ ಎಂಬುದು ಸರಾಸರಿ ಮಾತ್ರ. ಒಂದು ಗಂಟೆಯ ಅಂತರ ವಾರಕ್ಕೆ ಎರಡು ಮೂರು ಸಲ ಬರುತ್ತದೆ ಎನ್ನುತ್ತದೆ ಗಣಿತ. ಅದು ಯಾರ ತಪ್ಪೂ ಅಲ್ಲ.

ಸಂಪರ್ಕ, ಗಡಿಯಾರ, ಡಿಸ್ಕು

ನಿಜವಾಗಿಯೂ ನಿಂತಿದ್ದರೆ ಮೊದಲು ನೋಡಬೇಕಾದದ್ದು ಕೆಳಗಿನ ಬಲಮೂಲೆಯ ಸಂಪರ್ಕದ ಗುರುತು. ಕೋರ್ ತಾನಾಗಿ 10 ಕಂಪ್ಯೂಟರುಗಳೊಡನೆ ಸಂಪರ್ಕ ಸಾಧಿಸುತ್ತದೆ. ಅಲ್ಲಿ ಸೊನ್ನೆ ಕಂಡರೆ ಕಾರಣ ಹೊರಗಿನದು. ಕಂಪ್ಯೂಟರಿನ ಫೈರ್‌ವಾಲ್ ಈ ಪ್ರೋಗ್ರಾಮನ್ನು ತಡೆದಿರಬಹುದು. ಆಗ ಅದರ ಸೆಟ್ಟಿಂಗಿನಲ್ಲಿ ಅವಕಾಶ ಕೊಡಬೇಕು. ಹಿಂದೆ ಯಾವಾಗಲೋ ಗುರುತು ಮರೆಸುವ ಟಾರ್ ಜಾಲ ಬಳಸಲು ಪ್ರಾಕ್ಸಿ ಆಯ್ಕೆಗೆ ಟಿಕ್ ಹಾಕಿ ಮರೆತಿರಬಹುದು. ಟಾರ್ ಓಡದಿದ್ದರೆ ಒಂದು ಸಂಪರ್ಕವೂ ಸಿಗುವುದಿಲ್ಲ. ಸಂಪರ್ಕದ ಗುರುತಿನ ಮೇಲೆ ಕ್ಲಿಕ್ ಮಾಡಿ ಜಾಲವನ್ನೇ ನಿಲ್ಲಿಸುವ ಆಯ್ಕೆಯೂ ಇದೆ, ಕೈತಪ್ಪಿ ಅದನ್ನು ಒತ್ತಿರುವುದೂ ಉಂಟು. ಕಚೇರಿ, ಹಾಸ್ಟೆಲ್ಲುಗಳ ಇಂಟರ್‌ನೆಟ್ಟಿನಲ್ಲಿ ಬಿಟ್‌ಕಾಯಿನ್ ಬಳಸುವ 8333ನೇ ಪೋರ್ಟನ್ನು ಮುಚ್ಚಿರಬಹುದು. ಐದು ನಿಮಿಷ ಮೊಬೈಲ್ ಹಾಟ್‌ಸ್ಪಾಟ್ ಹಾಕಿ ನೋಡಿದರೆ ಇದು ತಿಳಿಯುತ್ತದೆ. ಅಷ್ಟಕ್ಕೇ ಸಾಕು, ದಿನಕ್ಕೆ 2 ಜಿಬಿ ಕೊಡುವ ಮೊಬೈಲ್ ಪ್ಯಾಕಿನಲ್ಲಿ ಪೂರ್ತಿ ಸಿಂಕ್ ಮಾಡಹೊರಟರೆ 600 ಜಿಬಿಗೆ 300 ದಿನ ಬೇಕು. 40 ಎಂಬಿಪಿಎಸ್ ಬ್ರಾಡ್‌ಬ್ಯಾಂಡಿನಲ್ಲೂ ಇಳಿಸಿಕೊಳ್ಳುವುದಕ್ಕೇ 33 ಗಂಟೆ ಹಿಡಿಯುತ್ತದೆ.

ಸಂಪರ್ಕ ಸರಿಯಿದ್ದೂ ಸಿಂಕ್ ಮುಂದುವರಿಯದಿದ್ದರೆ ಕಂಪ್ಯೂಟರಿನ ಗಡಿಯಾರದ ಕಡೆ ಕಣ್ಣು ಹೋಗಬೇಕು. ಇದನ್ನು ನೋಡುವವರು ಕಡಿಮೆ, ಆದರೆ ತೊಂದರೆ ಕೊಡುವುದು ಹೆಚ್ಚು. ತನ್ನ ಗಡಿಯಾರಕ್ಕಿಂತ ಎರಡು ಗಂಟೆಗೂ ಮುಂದಿನ ಸಮಯ ಹೊತ್ತ ಬ್ಲಾಕನ್ನು ಕೋರ್ ಸ್ವೀಕರಿಸುವುದಿಲ್ಲ. ಅಂದರೆ ಗಡಿಯಾರ ಹಿಂದೆ ಬಿದ್ದಿದ್ದರೆ ಅದರ ಪಾಲಿಗೆ ಹೊಸ ಬ್ಲಾಕುಗಳೆಲ್ಲ ಇನ್ನೂ ಹುಟ್ಟಿಯೇ ಇಲ್ಲ. ಹಳೆಯ ಡೆಸ್ಕ್‌ಟಾಪಿನ ಮದರ್‌ಬೋರ್ಡಿನಲ್ಲಿ ನಾಣ್ಯದಾಕಾರದ ಒಂದು ಸೆಲ್ ಇರುತ್ತದೆ. ಅದು ಸತ್ತರೆ, ಪ್ಲಗ್ ತೆಗೆದು ಮತ್ತೆ ಹಾಕಿದಾಗಲೆಲ್ಲ ದಿನಾಂಕ ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ.

ಭಾರತದ ಬಳಕೆದಾರರನ್ನು ಕಾಡುವ ಇನ್ನೊಂದು ಬಗೆಯೂ ಇದೆ. ಒಂದೇ ಕಂಪ್ಯೂಟರಿನಲ್ಲಿ ಲಿನಕ್ಸ್ ಮತ್ತು ವಿಂಡೋಸ್ ಎರಡೂ ಇದ್ದರೆ, ಲಿನಕ್ಸ್ ಸಾಮಾನ್ಯವಾಗಿ ಯಂತ್ರದ ಗಡಿಯಾರದಲ್ಲಿ ಜಾಗತಿಕ ಸಮಯವನ್ನು ಬರೆದಿಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ. ನಮ್ಮ ಸಮಯ ಜಾಗತಿಕ ಸಮಯಕ್ಕಿಂತ ಐದೂವರೆ ಗಂಟೆ ಮುಂದು. ಹೀಗಾಗಿ ವಿಂಡೋಸ್‌ನ ಗಡಿಯಾರ ಐದೂವರೆ ಗಂಟೆ ಹಿಂದೆ ಬೀಳುತ್ತದೆ, ಎರಡು ಗಂಟೆಯ ರಿಯಾಯಿತಿ ಕಳೆದು ವ್ಯಾಲೆಟ್ ಮೂರೂವರೆ ಗಂಟೆ ಹಿಂದೆಯೇ ಉಳಿಯುತ್ತದೆ. ಎಷ್ಟು ಹೊತ್ತು ಕಾದರೂ ಆ ಅಂತರ ಮುಚ್ಚುವುದಿಲ್ಲ. ವಿಂಡೋಸ್‌ನ ದಿನಾಂಕ ಮತ್ತು ಸಮಯದ ಸೆಟ್ಟಿಂಗಿನಲ್ಲಿ ಒಮ್ಮೆ ಸಿಂಕ್ ಒತ್ತಿದರೆ ತಾತ್ಕಾಲಿಕವಾಗಿ ಸರಿಹೋಗುತ್ತದೆ. ಯಂತ್ರದ ಗಡಿಯಾರದಲ್ಲಿ ಸ್ಥಳೀಯ ಸಮಯವನ್ನೇ ಇಡುವಂತೆ ಲಿನಕ್ಸ್‌ಗೆ ಹೇಳಿದರೆ ಶಾಶ್ವತವಾಗಿ.

ಗಡಿಯಾರ ಹಿಂದೆ ಹೋದ ಕಂಪ್ಯೂಟರಿನಲ್ಲಿ ಕೋರ್ ತೆರೆದರೆ ಒಂದು ಎಚ್ಚರಿಕೆ ಬರುತ್ತದೆ: ಸಂಗ್ರಹದಲ್ಲಿ ಭವಿಷ್ಯಕ್ಕೆ ಸೇರಿದ ಬ್ಲಾಕ್ ಇದೆ, ದಿನಾಂಕ ಸರಿಯಿದೆ ಎಂದು ಖಾತ್ರಿಯಿದ್ದರೆ ಮಾತ್ರ ಪುನರ್ನಿರ್ಮಾಣ ಮಾಡಿ, ಎಂದು. ಮೊದಲರ್ಧವನ್ನಷ್ಟೇ ಓದಿ ಒಪ್ಪಿಗೆ ಒತ್ತಿದವರು ಎರಡು ನಿಮಿಷದ ಕೆಲಸಕ್ಕೆ ದಿನಗಟ್ಟಲೆ ಕೂರಬೇಕಾಗುತ್ತದೆ. ಇಂಥ ಸಂದೇಶಗಳನ್ನು ಕೊನೆಯ ಪದದವರೆಗೂ ಓದುವ ತಾಳ್ಮೆಗೆ ಸಮನಾದ ರಿಪೇರಿ ಸಾಧನ ಇಲ್ಲ.

ನಿಧಾನದ ಮೂಲ ಬಹುತೇಕ ಡಿಸ್ಕು. ಪ್ರತಿ ವ್ಯವಹಾರವನ್ನು ಪರಿಶೀಲಿಸುವಾಗಲೂ ಖತಾವಣಿಯ ಎಲ್ಲೆಲ್ಲೋ ಇರುವ ಸಾಲುಗಳನ್ನು ಹುಡುಕಿ ತೆಗೆಯಬೇಕು. ತಿರುಗುವ ಹಳೆಯ ಹಾರ್ಡ್ ಡಿಸ್ಕಿನ ಮುಳ್ಳು ಅಲ್ಲಿಂದಿಲ್ಲಿಗೆ ಓಡಾಡಿ ಸುಸ್ತಾಗುತ್ತದೆ. ಎಸ್‌ಎಸ್‌ಡಿಯಲ್ಲಿ ಒಂದೆರಡು ದಿನದಲ್ಲಿ ಮುಗಿಯುವ ಸಿಂಕ್ ಇಲ್ಲಿ ವಾರಗಟ್ಟಲೆ ಎಳೆಯುವುದು ಇದಕ್ಕೇ. ಇಡೀ ಕಿರ್ದಿಗೆ ಸಾಲುವಷ್ಟು ದೊಡ್ಡ ಎಸ್‌ಎಸ್‌ಡಿ ಇಲ್ಲದವರು ಖತಾವಣಿಯನ್ನು ಎಸ್‌ಎಸ್‌ಡಿಯಲ್ಲೂ ಕಿರ್ದಿಯನ್ನು ಹಾರ್ಡ್ ಡಿಸ್ಕಿನಲ್ಲೂ ಇಡಬಹುದು. ಅದಕ್ಕೆ ಬ್ಲಾಕ್ಸ್‌ಡಿರ್ ಎಂಬ ಸೆಟ್ಟಿಂಗ್ ಇದೆ. ಖತಾವಣಿಯ ಹೆಚ್ಚು ಭಾಗವನ್ನು ರ‍್ಯಾಮಿನಲ್ಲೇ ಇಟ್ಟುಕೊಂಡರೂ ವೇಗ ಹೆಚ್ಚುತ್ತದೆ. ಇದಕ್ಕೆ ಮೀಸಲಾದ ಡೇಟಾಬೇಸ್ ಕ್ಯಾಶ್ ಸಾಮಾನ್ಯವಾಗಿ 450 ಎಂಬಿ ಇರುತ್ತದೆ. 8 ಜಿಬಿ ರ‍್ಯಾಮ್ ಇರುವ ಕಂಪ್ಯೂಟರಿನಲ್ಲಿ ಸಿಂಕ್ ಮುಗಿಯುವವರೆಗೆ ಅದನ್ನು 2000ಕ್ಕೆ ಏರಿಸಿ, ಆಮೇಲೆ ಮೊದಲಿನಂತೆ ಇಳಿಸುವುದು ಒಳ್ಳೆಯದು.

ಜಾಗವೇ ಸಾಲದವರಿಗೆ ಪ್ರೂನ್ ಎಂಬ ದಾರಿಯಿದೆ. ತಾಳೆ ನೋಡಿ ಮುಗಿದ ಹಳೆಯ ಕಿರ್ದಿ ಪುಟಗಳನ್ನು ಕೋರ್ ತಾನೇ ಹರಿದು ಹಾಕುತ್ತ ಹೋಗುತ್ತದೆ; ಬ್ಲಾಕುಗಳಿಗೆ ಕನಿಷ್ಠ 550 ಎಂಬಿ ಸಾಕು. ಆದರೆ ಇಳಿಸಿಕೊಳ್ಳುವುದಂತೂ ಪೂರ್ತಿ ಇಳಿಸಿಕೊಳ್ಳಲೇಬೇಕು. ಪ್ರೂನ್ ಜಾಗ ಉಳಿಸುತ್ತದೆ, ಇಂಟರ್‌ನೆಟ್ ಉಳಿಸುವುದಿಲ್ಲ.

ಕರೆಂಟು ಹೋದಾಗ

ಕೋರ್ ಮುಚ್ಚಿದಾಗ ಚಿಕ್ಕದೊಂದು ಕಿಟಕಿ ಉಳಿದು, ತಾನು ಮರೆಯಾಗುವವರೆಗೆ ಕಂಪ್ಯೂಟರ್ ಆರಿಸಬೇಡಿ ಎನ್ನುತ್ತದೆ. ರ‍್ಯಾಮಿನಲ್ಲಿರುವ ಖತಾವಣಿಯನ್ನು ಡಿಸ್ಕಿಗೆ ಇಳಿಸುತ್ತಿರುವ ಹೊತ್ತು ಅದು. ಕ್ಯಾಶ್ ದೊಡ್ಡದಿದ್ದು ಡಿಸ್ಕು ನಿಧಾನವಾಗಿದ್ದರೆ ಹಲವು ನಿಮಿಷ ಬೇಕು. ಅಷ್ಟರಲ್ಲಿ ಬಟನ್ ಒತ್ತಿ ಆರಿಸಿದರೆ, ಯುಎಸ್‌ಬಿ ಡಿಸ್ಕಿನ ಕೇಬಲ್ ಕಿತ್ತರೆ, ಕರೆಂಟು ಹೋದರೆ, ಬರೆಯುತ್ತಿದ್ದ ಪುಟ ಅರ್ಧಕ್ಕೆ ನಿಲ್ಲುತ್ತದೆ. ಬಿದ್ದು ಎದ್ದ ಮೇಲೆ ಸರಿಪಡಿಸಿಕೊಳ್ಳುವ ವ್ಯವಸ್ಥೆ ಹೊಸ ಆವೃತ್ತಿಗಳಲ್ಲಿದೆ, ಆದರೂ ಎಲ್ಲ ಸಲವೂ ಅದು ಸಾಲುವುದಿಲ್ಲ. ಬೇಸಿಗೆಯಲ್ಲಿ ಲೋಡ್ ಶೆಡ್ಡಿಂಗ್, ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬೀಳುವ ಊರುಗಳಲ್ಲಿ ಡೆಸ್ಕ್‌ಟಾಪಿನಲ್ಲಿ ಕೋರ್ ಓಡಿಸುವವರಿಗೆ ಯುಪಿಎಸ್ ಅಗತ್ಯದ ವಸ್ತು.

ಪುಟ ಹರಿದಿದ್ದರೆ ಮುಂದಿನ ಸಲ ತೆರೆದಾಗ ಡೇಟಾಬೇಸ್ ಓದಲಾಗುತ್ತಿಲ್ಲ, ಮತ್ತೆ ಕಟ್ಟಲೇ ಎಂದು ಕೋರ್ ಕೇಳುತ್ತದೆ. ಇದಕ್ಕೆ ರೀಇಂಡೆಕ್ಸ್ ಎನ್ನುತ್ತಾರೆ. ಇದರಲ್ಲಿ ಎರಡು ಬಗೆ. ಕಿರ್ದಿ ಚೆನ್ನಾಗಿದ್ದು ಖತಾವಣಿ ಮಾತ್ರ ಕೆಟ್ಟಿದ್ದರೆ ರೀಇಂಡೆಕ್ಸ್-ಚೈನ್‌ಸ್ಟೇಟ್ ಸಾಕು. ಕಿರ್ದಿಯ ಸೂಚಿಯೂ ಕೆಟ್ಟಿದ್ದರೆ ಪೂರ್ತಿ ರೀಇಂಡೆಕ್ಸ್ ಬೇಕು. ಎರಡರಲ್ಲೂ ಈಗಾಗಲೇ ಇಳಿಸಿಕೊಂಡ ಬ್ಲಾಕುಗಳೇ ಬಳಕೆಯಾಗುತ್ತವೆ, ಇಂಟರ್‌ನೆಟ್ ಹೆಚ್ಚು ಖರ್ಚಾಗುವುದಿಲ್ಲ, ಸಮಯ ಮಾತ್ರ ಬೇಕಾಗುತ್ತದೆ. ಪ್ರೂನ್ ಮಾಡಿದವರ ಬಳಿ ಹಳೆಯ ಕಿರ್ದಿಯೇ ಇಲ್ಲವಾದ್ದರಿಂದ ಅವರು ಮೊದಲಿನಿಂದ ಇಳಿಸಬೇಕು. ರೀಇಂಡೆಕ್ಸ್ ನಡೆಯುವಾಗ ದಿನಾಂಕ ಮತ್ತೆ 2009ಕ್ಕೆ ಹೋದದ್ದನ್ನು ಕಂಡು ಹೆದರಬೇಕಿಲ್ಲ; ವ್ಯಾಲೆಟ್.ಡ್ಯಾಟ್ ಅನ್ನು ಅದು ಮುಟ್ಟುವುದಿಲ್ಲ.

ಒಮ್ಮೆ ಸರಿಪಡಿಸಿದ ಮೇಲೂ ತೊಂದರೆ ಮರುಕಳಿಸಿದರೆ ಎಲ್ಲಿ ನಿಲ್ಲುತ್ತಿದೆ ಎಂಬುದನ್ನು ಗಮನಿಸಬೇಕು. ಪ್ರತಿ ಸಲವೂ ಒಂದೇ ಬ್ಲಾಕಿನ ಬಳಿ ನಿಂತರೆ ಕಡತವೋ ತಂತ್ರಾಂಶವೋ ಕೆಟ್ಟಿರುವ ಸಂಭವ ಹೆಚ್ಚು. ಒಂದೊಂದು ಸಲ ಒಂದೊಂದು ಕಡೆ ನಿಂತರೆ ರ‍್ಯಾಮ್, ಡಿಸ್ಕು ಅಥವಾ ಬಿಸಿಯೇರಿದ ಪ್ರೊಸೆಸರಿನ ಮೇಲೆ ಅನುಮಾನ ಪಡಬೇಕು. ಬೇರೆ ಕೆಲಸಗಳಲ್ಲಿ ಗೊತ್ತೇ ಆಗದಿರುವ ರ‍್ಯಾಮಿನ ಸಣ್ಣ ದೋಷ ಇಲ್ಲಿ ಬಯಲಾಗುತ್ತದೆ, ಏಕೆಂದರೆ ಕೋಟ್ಯಂತರ ಲೆಕ್ಕಗಳಲ್ಲಿ ಒಂದು ಅಂಕೆ ತಪ್ಪಿದರೂ ಕೋರ್ ಒಪ್ಪುವುದಿಲ್ಲ. ರಾತ್ರಿಯಿಡೀ ಮೆಮೊರಿ ಪರೀಕ್ಷೆ ಓಡಿಸಿ, ಫ್ಯಾನಿನ ಧೂಳು ತೆಗೆದು, ಆಮೇಲೆ ರೀಇಂಡೆಕ್ಸ್ ಮಾಡುವುದೇ ಸರಿಯಾದ ಕ್ರಮ.

ಆಂಟಿವೈರಸ್ಸೂ ಕಡತ ಕೆಡಿಸಬಲ್ಲದು. 2014ರ ಮೇ ತಿಂಗಳಲ್ಲಿ ಸ್ಟೋನ್ಡ್ ಎಂಬ ಹಳೆಯ ಡಾಸ್ ಕಾಲದ ವೈರಸ್ಸಿನ ಗುರುತನ್ನು ಯಾರೋ ಬಿಟ್‌ಕಾಯಿನ್ ವ್ಯವಹಾರದೊಳಗೆ ಬರೆದಿದ್ದರಿಂದ, ಮೈಕ್ರೋಸಾಫ್ಟಿನ ಆಂಟಿವೈರಸ್ ಬ್ಲಾಕ್‌ಚೈನ್ ಕಡತಗಳನ್ನೇ ವೈರಸ್ ಎಂದು ಹಿಡಿದಿತ್ತು. ಆ ಗುರುತಿನಲ್ಲಿ ಹಾನಿ ಮಾಡುವ ಶಕ್ತಿಯೇನೂ ಇರಲಿಲ್ಲ. ಬ್ಲಾಕ್ಸ್ ಮತ್ತು ಚೈನ್‌ಸ್ಟೇಟ್ ಫೋಲ್ಡರುಗಳನ್ನು ತಪಾಸಣೆಯಿಂದ ಹೊರಗಿಟ್ಟರೆ ಈ ಕಾಟವೂ ತಪ್ಪುತ್ತದೆ, ವೇಗವೂ ಹೆಚ್ಚುತ್ತದೆ.

ಆವೃತ್ತಿಗಳ ನಡುವೆಯೇ ಲೆಕ್ಕ ಒಡೆದುಹೋದ ಪ್ರಸಂಗವೂ ನಡೆದಿದೆ. 2013ರ ಮಾರ್ಚ್ 11ರ ರಾತ್ರಿ 2,25,430ನೇ ಬ್ಲಾಕನ್ನು 0.8ನೇ ಆವೃತ್ತಿ ಓಡಿಸುತ್ತಿದ್ದವರು ಸ್ವೀಕರಿಸಿದರು, 0.7ರಲ್ಲೇ ಉಳಿದಿದ್ದವರ ಬಹುಪಾಲು ಕಂಪ್ಯೂಟರುಗಳು ತಿರಸ್ಕರಿಸಿದವು. ಹಳೆಯ ಆವೃತ್ತಿಯ ಡೇಟಾಬೇಸಿನಲ್ಲಿ ಒಂದೇ ಹೊತ್ತಿಗೆ ಹಾಕಬಹುದಾದ ಲಾಕುಗಳಿಗೆ ಮಿತಿ ಇತ್ತು, ಆ ದೊಡ್ಡ ಬ್ಲಾಕ್ ಅದನ್ನು ಮೀರಿತು. ಅಂಥ ಮಿತಿಯಿದೆ ಎಂಬುದೇ ಯಾರ ಗಮನಕ್ಕೂ ಬಂದಿರಲಿಲ್ಲ. ಕೆಲವು ಗಂಟೆ ಕಾಲ ಎರಡು ಲೆಕ್ಕಗಳು ನಡೆದವು. ಹೊಸ ಬ್ಲಾಕುಗಳನ್ನು ತಯಾರಿಸುವ ಗಣಿಗಾರರ ಗುಂಪುಗಳು ತಮ್ಮ ಸಂಪಾದನೆ ಬಿಟ್ಟುಕೊಟ್ಟು ಹಳೆಯ ಆವೃತ್ತಿಗೆ ಮರಳಿದ ಮೇಲೆ ಲೆಕ್ಕ ಮತ್ತೆ ಒಂದಾಯಿತು. 24 ಬ್ಲಾಕುಗಳು ರದ್ದಾದವು. ಸಿಂಕ್ ವಿಚಿತ್ರವಾಗಿ ನಿಂತಾಗ ಹಣ ಕಳುಹಿಸುವುದನ್ನೂ ಸ್ವೀಕರಿಸುವುದನ್ನೂ ತಡೆಹಿಡಿದು ಕಾಯಬೇಕು ಎಂಬ ನಿಯಮಕ್ಕೆ ಆಧಾರ ಆ ರಾತ್ರಿಯೇ.

ಹಳೆಯ ವ್ಯಾಲೆಟ್ ತೆರೆಯುವವರಿಗೆ ಇನ್ನೊಂದು ಮಾತು. ಕೋರ್‌ನ 30ನೇ ಆವೃತ್ತಿಯಿಂದ ಹಳೆಯ ಮಾದರಿಯ ವ್ಯಾಲೆಟ್ ಕಡತಗಳು ನೇರವಾಗಿ ತೆರೆಯುವುದಿಲ್ಲ, ಹೊಸ ಮಾದರಿಗೆ ವರ್ಗಾಯಿಸಬೇಕು. ಮೂಲ ಕಡತದ ಪ್ರತಿಯನ್ನು ಬೇರೆಡೆ ಇಟ್ಟ ಮೇಲೆಯೇ ಈ ಕೆಲಸಕ್ಕೆ ಕೈ ಹಾಕಬೇಕು.

ಸಿಂಕ್ ಮುಗಿದರೂ ಮೊತ್ತ ಕಾಣದಿದ್ದರೆ

ಕೆಲವೊಮ್ಮೆ ಪಟ್ಟಿ ನೂರು ತಲುಪುತ್ತದೆ, ಆದರೆ ಮೊತ್ತ ಸೊನ್ನೆಯಲ್ಲೇ ಇರುತ್ತದೆ. ಕೋರ್ ಒಂದಕ್ಕಿಂತ ಹೆಚ್ಚು ವ್ಯಾಲೆಟ್ ಇಟ್ಟುಕೊಳ್ಳಬಲ್ಲದು. ತೆರೆದಿರುವುದು ಬೇರೆಯದೇ ಖಾಲಿ ವ್ಯಾಲೆಟ್ ಆಗಿರಬಹುದು. ಕೀಲಿಯನ್ನು ಈಚೆಗೆ ಸೇರಿಸಿದ್ದರೆ, ಅದಕ್ಕೆ ಸಂಬಂಧಿಸಿದ ಹಳೆಯ ವ್ಯವಹಾರಗಳನ್ನು ಕಿರ್ದಿಯಲ್ಲಿ ಮತ್ತೆ ಹುಡುಕಬೇಕು. ಕನ್ಸೋಲಿನಲ್ಲಿ ರೀಸ್ಕ್ಯಾನ್‌ಬ್ಲಾಕ್‌ಚೈನ್ ಎಂಬ ಆಜ್ಞೆ ಮಾಡುವುದು ಇದನ್ನೇ. ಪ್ರೂನ್ ಮಾಡಿದ್ದರೆ ಹರಿದುಹಾಕಿದ ಪುಟಗಳಲ್ಲಿ ಹುಡುಕಲಾಗುವುದಿಲ್ಲ. ಹಳೆಯ ವ್ಯಾಲೆಟ್ ಇರುವವರು ಪ್ರೂನ್ ಆಯ್ಕೆ ಮಾಡುವ ಮೊದಲೇ ವ್ಯಾಲೆಟ್ಟನ್ನು ಒಳಗೆ ತಂದುಕೊಳ್ಳಬೇಕು.

ಇಷ್ಟೆಲ್ಲ ಹೊರೆ ಬೇಡವೆನ್ನುವವರಿಗಾಗಿಯೇ 2011ರಲ್ಲಿ ಇಲೆಕ್ಟ್ರಮ್ ಬಂದಿತು. ಅದು ಕಿರ್ದಿಯನ್ನು ಇಟ್ಟುಕೊಳ್ಳದೆ, ಬೇಕಾದ ವಿಳಾಸಗಳ ಲೆಕ್ಕವನ್ನು ಸರ್ವರುಗಳಿಂದ ಕೇಳಿ ಪಡೆಯುತ್ತದೆ. ಅಲ್ಲಿ ಸಿಂಕ್ ನಿಂತರೆ ಮೂಲೆಯ ಬಣ್ಣದ ಗುರುತನ್ನು ಒತ್ತಿ ಬೇರೆ ಸರ್ವರ್ ಆರಿಸಿದರೆ ಬಹುತೇಕ ಮುಗಿಯಿತು. ಕೀಲಿಯ ಬ್ಯಾಕಪ್ ಆಗಿ ಬರೆದಿಟ್ಟ ಪದಗಳ ಸಾಲಿನಿಂದ ಮರಳಿ ತೆರೆದ ವ್ಯಾಲೆಟ್ಟಿನಲ್ಲಿ ಮೊತ್ತ ಕಡಿಮೆ ಕಂಡರೆ ಕಾರಣ ಬೇರೆ: ಬಳಕೆಯಾಗದ 20 ವಿಳಾಸಗಳು ಒಟ್ಟಿಗೆ ಸಿಕ್ಕಿದರೆ ಮುಂದೆ ಏನೂ ಇಲ್ಲ ಎಂದು ಅದು ಹುಡುಕಾಟ ನಿಲ್ಲಿಸುತ್ತದೆ. ಆ ಮಿತಿ ಹೆಚ್ಚಿಸಿದರೆ ಉಳಿದದ್ದು ಕಾಣುತ್ತದೆ. ಮೊನೆರೊ ಎಂಬ ಬೇರೊಂದು ಡಿಜಿಟಲ್ ನಾಣ್ಯದ ವ್ಯಾಲೆಟ್ಟಿನಲ್ಲಿ ಇದೇ ಬಗೆಯ ತೊಡಕು ಹುಡುಕಾಟ ಶುರುವಾಗುವ ಬ್ಲಾಕ್ ಸಂಖ್ಯೆಯನ್ನು ತಪ್ಪಾಗಿ ಕೊಟ್ಟಾಗ ಬರುತ್ತದೆ.

ಇಲೆಕ್ಟ್ರಮ್ ಬಳಸುವವರು 2018ರ ಡಿಸೆಂಬರ್ ತಿಂಗಳನ್ನು ಮರೆಯಬಾರದು. ವಂಚಕರು ತಮ್ಮದೇ ಸರ್ವರುಗಳನ್ನು ಜಾಲಕ್ಕೆ ಸೇರಿಸಿದರು. ಅವುಗಳಿಗೆ ಸಂಪರ್ಕವಾದವರು ಹಣ ಕಳುಹಿಸಲು ಹೋದಾಗ ವ್ಯಾಲೆಟ್ಟಿನೊಳಗೇ ಸಂದೇಶ ಬಂತು: ಆವೃತ್ತಿ ಹಳೆಯದು, ಈ ಕೊಂಡಿಯಿಂದ ಹೊಸದನ್ನು ಹಾಕಿಕೊಳ್ಳಿ. ಸರ್ವರ್ ಕಳುಹಿಸಿದ ಬರಹವನ್ನು ವ್ಯಾಲೆಟ್ ಹಾಗೆಯೇ ತೋರಿಸುತ್ತಿದ್ದುದರಿಂದ ಅದು ಅಸಲಿಯಂತೆಯೇ ಕಂಡಿತು. ನಕಲಿ ತಂತ್ರಾಂಶ ಹಾಕಿಕೊಂಡವರ ನಾಣ್ಯಗಳು ಬರಿದಾದವು. 200ಕ್ಕೂ ಹೆಚ್ಚು ಬಿಟ್‌ಕಾಯಿನ್ ಹೋಯಿತು. ನಂತರದ ಆವೃತ್ತಿಗಳು ಆ ಬಾಗಿಲನ್ನು ಮುಚ್ಚಿವೆ. ಆದರೆ ಸಿಂಕ್ ಆಗದೆ ಕಂಗಾಲಾದವರನ್ನು ಹುಡುಕುವವರು ಇಂದಿಗೂ ಇದ್ದಾರೆ. ಟೆಲಿಗ್ರಾಮಿನಲ್ಲಿ ತಾವು ಸಪೋರ್ಟ್ ವಿಭಾಗದವರೆಂದು ಪರಿಚಯಿಸಿಕೊಂಡು, ವ್ಯಾಲೆಟ್ಟನ್ನು ಮತ್ತೆ ಜೋಡಿಸಬೇಕು, 12 ಅಥವಾ 24 ಪದಗಳನ್ನು ಇಲ್ಲಿ ತುಂಬಿ ಎನ್ನುತ್ತಾರೆ. ಸಿಂಕ್ ಸರಿಪಡಿಸಲು ಆ ಪದಗಳನ್ನು ಹೊರಗಿನ ಯಾರಿಗೂ ಕೊಡಬೇಕಾದ ಸಂದರ್ಭವೇ ಇಲ್ಲ. ಕೊಟ್ಟುಬಿಟ್ಟಿದ್ದರೆ ಉಳಿದದ್ದನ್ನು ಅದೇ ಗಳಿಗೆಯಲ್ಲಿ ಹೊಸ ಪದಗಳ ಹೊಸ ವ್ಯಾಲೆಟ್ಟಿಗೆ ಸಾಗಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಕೋರ್ ಸಿಂಕ್ ಮುಗಿದಾಗ ಕೆಳಗಿನ ಪಟ್ಟಿ ಮಾಯವಾಗಿ ಬಲಮೂಲೆಯಲ್ಲಿ ಸರಿ ಗುರುತು ಕಾಣಿಸುತ್ತದೆ. ಆಗ ಮಾಹಿತಿ ಕಿಟಕಿಯಲ್ಲಿರುವ ಬ್ಲಾಕ್ ಸಂಖ್ಯೆಯನ್ನು ಯಾವುದಾದರೂ ಬ್ಲಾಕ್ ಎಕ್ಸ್‌ಪ್ಲೋರರ್ ತಾಣದಲ್ಲಿರುವ ಸಂಖ್ಯೆಯೊಡನೆ ಹೋಲಿಸಬೇಕು. ಒಂದರ ವ್ಯತ್ಯಾಸ ಇದ್ದರೆ ಚಿಂತೆಯಿಲ್ಲ. ಎರಡೂ ಕೂಡಿ ಬಂದ ಮೇಲೆ ಮೊದಲ ವ್ಯವಹಾರವಾಗಿ ತೀರ ಸಣ್ಣ ಮೊತ್ತವೊಂದನ್ನು ತಮ್ಮದೇ ಇನ್ನೊಂದು ವಿಳಾಸಕ್ಕೆ ಕಳುಹಿಸಿ, ಮುಂದಿನ ಬ್ಲಾಕುಗಳಲ್ಲಿ ಅದು ದೃಢಪಡುವುದನ್ನು ನೋಡಿ, ದೊಡ್ಡ ವ್ಯವಹಾರಕ್ಕೆ ಇಳಿಯಬಹುದು.